ಕಿಸೆಯಲ್ಲಿ ಮೂರು ಫ್ಯೂಸು

ನವೆಂಬರ್ 10, ಸೋಮವಾರ

ಎಂಟೂವರೆಗೆ ಪ್ಲಾಸ್ಟಿಕ್ ಯುನಿಟ್ ತಲುಪಿದೆ. ಬೀಗ ತೆಗೆಯುವವ ಇನ್ನೂ ಬಂದಿರಲಿಲ್ಲ. ಗೇಟಿನ ಹತ್ತಿರ ನಿಂತು ಚಹಾ. ಬೀದರದ ಚಳಿ ಈ ಸಲ ಬೇಗ ಶುರುವಾಗಿದೆ. ಸ್ವೆಟರ್ ಮರೆತದ್ದು ನನ್ನದೇ ತಪ್ಪು.

ಏಳನೆಯ ಡ್ರಾಯಿಂಗ್ ಮುಗಿಯಿತು. ಹಳ್ಳಿಯ ಟ್ರಾನ್ಸ್‌ಫಾರ್ಮರ್ ಡಬ್ಬಿಗೆ ಹಾಕುವ ಫ್ಯೂಸಿನ ಪ್ಲಾಸ್ಟಿಕ್ ಕವಚ. ಹಿಡಿದು ಎಳೆದರೆ ಬರಬೇಕು, ಒತ್ತಿದರೆ ಕೂರಬೇಕು. ಇಷ್ಟೇ ಆಗಿದ್ದರೆ ಎಂದೋ ಮುಗಿಯುತ್ತಿತ್ತು. ನನ್ನ ಹಟ ಬೇರೆ — ಕಿತ್ತ ಮೂರೂ ಒಂದರ ಮೇಲೊಂದು ಕೂತು ಒಂದೇ ತುಂಡಾಗಬೇಕು, ಲೈನ್‌ಮನ್ ಅಂಗಿಯ ಕಿಸೆಯಲ್ಲಿ ಹಿಡಿಸಬೇಕು. ಅದಕ್ಕೇ ಬೆನ್ನಿಗೊಂದು ಕಚ್ಚು, ಹೊಟ್ಟೆಗೊಂದು ಏಣು.

ಮಾಲೀಕರು ಮುಜೀಬೋದ್ದೀನ ಸಾಹೇಬರು ಕನ್ನಡಕ ಹಣೆಗೇರಿಸಿ ನೋಡಿದರು.

"ಸಲೋಮಿ ಮೇಡಂ, ಪ್ಯಾಕಿಂಗ್ ಕಾರ್ಟನ್‌ನ್ಯಾಗ ಸೀದಾ ಕೂತ್ರ ಬಸ್ ಅಲ್ರಿ? ಈ ಕಚ್ಚು ಯಾಕ? ಡೈನ್ಯಾಗ ಪೀಸ್ ಸಿಕ್ಕೊಂಡು ಕೂಡ್ತಾವ."

"ಸಿಕ್ಕೊಳ್ಳದಂಗ ಮಾಡ್ತೇನಿ ಸಾಹೇಬ್ರ."

"ಕಿಸ್ಯಾಗ ಯಾರ್ ಇಟ್ಕೋತಾರ್ರಿ ಈಗ?"

ಇಟ್ಟುಕೊಳ್ಳುತ್ತಿದ್ದವರು ಒಬ್ಬರಿದ್ದರು.

27ಕ್ಕೆ ಡೈ, ಅಂದರೆ ಉಕ್ಕಿನ ಅಚ್ಚು, ಮಾಡುವವರು ಹೈದರಾಬಾದಿನಿಂದ ಬರುತ್ತಾರೆ. ಉಕ್ಕು ಕೊರೆದ ಮೇಲೆ ಮುಗಿಯಿತು, ಹತ್ತು ವರ್ಷ ಅದೇ ಆಕಾರ. ಅಷ್ಟರೊಳಗೆ ಕಿಸೆ ಬೇಕು ಅಂತ ಒಬ್ಬ ಲೈನ್‌ಮನ್ ಬಾಯಿಂದಾದರೂ ಹೇಳಿಸಬೇಕಂತೆ. ಇಲ್ಲದಿದ್ದರೆ ಕಚ್ಚು ತೆಗೆದು ನುಣ್ಣಗೆ ಮಾಡಿಸುತ್ತಾರಂತೆ. ಮಾಡಿಸಲಿ ನೋಡೋಣ.

ನವೆಂಬರ್ 13

ಮೊದಲ ಸ್ಯಾಂಪಲ್. ಜಾರಬಾರದು, ಜಾರಬಾರದು ಅಂತ ಎಷ್ಟು ಬಿಗಿ ಮಾಡಿದ್ದೆನೆಂದರೆ, ಮೂರೂ ಕೂತವು. ಬಿಡಲೇ ಇಲ್ಲ. ಮಷಿನ್ ನೋಡಿಕೊಳ್ಳುವ ರವಿಕಿರಣ ಸುತ್ತಿಗೆ ತಂದ.

"ಮೇಡಂ, ಇವಕ್ಕ ಲಗ್ನ ಆಗ್ಯದರಿ. ಬಿಡಸ್ಲಿಕ್ಕೆ ಬರಂಗಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಉರಿಯುತ್ತಿತ್ತು. ಒಂದು ಸೀಳಿಯೇ ಹೋಯಿತು. ಕೂದಲೆಳೆಯಷ್ಟು ಸಡಿಲ ಬಿಡಬೇಕು. ಹೆಬ್ಬೆರಳಿಗೆ ತಗ್ಗು ಇನ್ನಷ್ಟು ಆಳ. ಮತ್ತೆ ಡ್ರಾಯಿಂಗ್.

ನವೆಂಬರ್ 16, ಭಾನುವಾರ, ಮಧ್ಯಾಹ್ನ

ಚರ್ಚಿನಿಂದ ಬಂದೆ. ಕ್ರಿಸ್ಮಸ್ ಗೀತೆಗಳ ಅಭ್ಯಾಸ 30ರಿಂದಂತೆ. ಹೆಸರು ಕೊಟ್ಟೆ. ನಲವತ್ತೊಂಬತ್ತು ವರ್ಷಕ್ಕೆ ಇನ್ನೂ ಎರಡನೇ ಸಾಲಿನಲ್ಲೇ ನಿಲ್ಲಿಸುತ್ತಾರೆ!

ಮನೆಗೆ ಬಂದು ಅಪ್ಪನ ಟ್ರಂಕು ತೆಗೆದೆ. ಹೋದ ವರ್ಷ ಫೆಬ್ರವರಿಯಲ್ಲಿ ಅಪ್ಪ ತೀರಿಕೊಂಡ ಮೇಲೆ ಇದೇ ಮೊದಲು. ಖಾಕಿ ಅಂಗಿ. ಕೊಬ್ಬರಿ ಎಣ್ಣೆ, ಟ್ರಾನ್ಸ್‌ಫಾರ್ಮರ್ ಎಣ್ಣೆ, ಎರಡೂ ಸೇರಿದ ಆ ವಾಸನೆ ಇನ್ನೂ ಇದೆ... ಅಥವಾ ಇದೆ ಅಂತ ನನ್ನ ಭ್ರಮೆ.

ಆಗ ಅಪ್ಪ ಔರಾದ ಕಡೆ ಲೈನ್‌ಮನ್. ಶನಿವಾರ ಸಂಜೆ ಬಸ್ಸಿಗೆ ಬೀದರಕ್ಕೆ ಬರುವರು. ಪಿಂಗಾಣಿ ಫ್ಯೂಸುಗಳ ಕಾಲ, ಒಂದೊಂದೂ ಕಲ್ಲಿನ ಭಾರ. ಯಾರೇ ಕಂಬ ಹತ್ತಲಿ, ಮೊದಲು ಕರೆಂಟು ನಿಲ್ಲಿಸಲು ಮೂರನ್ನೂ ಕಿತ್ತು ಕಿಸೆಗೆ ಹಾಕಿಕೊಳ್ಳುವುದು ಅವರ ರೂಢಿ. "ಫ್ಯೂಸ್ ನಮ್ಮ ಕಡೆ ಇರಬೇಕು ನೋಡವಾ. ಮಂದಿ ಕೈಗೆ ಸಿಗಬಾರದು."

ಒಮ್ಮೆ ಕಿಸೆಯಲ್ಲಿಟ್ಟದ್ದು ಮರೆತು ಹಾಗೇ ಮನೆಗೆ ಬಂದುಬಿಟ್ಟರು. ಎಕಂಬಾ ಊರಿಗೆ ಊರೇ ಕತ್ತಲು. ಮರುದಿನ ಆರಾಧನೆಯ ನಡುವೆ ಚರ್ಚಿನ ಬಾಗಿಲಲ್ಲಿ ಒಬ್ಬ ಬಂದು ನಿಂತ — "ಫಿಲಿಪಣ್ಣಾ, ನಮ್ಮೂರ ಕರೆಂಟ ಕೊಡ್ರಿ!" ಪಾಸ್ಟರರೇ ನಕ್ಕುಬಿಟ್ಟರು. ಅಪ್ಪ ಎದ್ದು ಹೋಗಿ ಕಿಸೆಯಿಂದ ಒಂದೊಂದಾಗಿ ಮೂರೂ ತೆಗೆದುಕೊಟ್ಟರು. ಬಂದವನು ವೈಜಿನಾಥ. ಎಕಂಬಾದವನೇ, ಅಪ್ಪನ ಟೆಂಪರರಿ ಹೆಲ್ಪರ್, ಇಪ್ಪತ್ತೆರಡರ ಹುಡುಗ. ನನಗೆ ಪೇರಲಹಣ್ಣು ತರುತ್ತಿದ್ದ ಕಾಕಾ. ಎಂಥ ದಿನಗಳು! ಆ ನಗುವಿಗಾಗಿ ಈಗ ಏನು ಬೇಕಾದರೂ ಕೊಟ್ಟೇನು.

ಆ ಭಾರಕ್ಕೆ ಅಂಗಿಯ ಕಿಸೆ ವಾರಕ್ಕೊಮ್ಮೆ ಕಿತ್ತು ಬರುವುದು. ಭಾನುವಾರ ಅದನ್ನು ಹೊಲಿಯುವುದು ನನ್ನ ಕೆಲಸ.

ಬರೆದೇ ಬಿಡುತ್ತೇನೆ. 1988, ಡಿಸೆಂಬರ್. ಗೀತೆಗಳ ಅಭ್ಯಾಸಕ್ಕೆ ಓಡಿದೆ. ಬಂದು ಹೊಲಿಯುತ್ತೇನೆ ಅಂದೆ. ಹೊಲಿಯಲಿಲ್ಲ. ಅಪ್ಪ ಹರಿದ ಕಿಸೆಯಲ್ಲೇ ಡ್ಯೂಟಿಗೆ ಹೋದರು. ಮಂಗಳವಾರ ಎಕಂಬಾದಲ್ಲಿ ವೈಜಿನಾಥ ಕಾಕಾ ಕಂಬದ ಮೇಲೆ, ಕಿತ್ತ ಫ್ಯೂಸು ಡಬ್ಬಿಯ ಮೇಲೆ. ಹಿಟ್ಟಿನ ಗಿರಣಿ ನಿಂತಿತೆಂದು ಯಾರೋ ಬಂದು ಅವನ್ನು ಮತ್ತೆ ಹಾಕಿಬಿಟ್ಟರು. ಜೀವ ಉಳಿಯಿತು. ಬಲಗೈಯ ಮೂರು ಬೆರಳು ಹೋದವು.

"ಡಬ್ಬಿಯ ಮೇಲೆ ಇಟ್ಟವನು ನಾನೇ" ಅಂತ ಅಪ್ಪ ಮೇಲಧಿಕಾರಿಗಳಿಗೆ ಬರೆದುಕೊಟ್ಟರು. ಭಾಲ್ಕಿಗೆ ವರ್ಗವಾಯಿತು. ಮತ್ತೆ ಎಕಂಬಾದ ಹೆಸರೆತ್ತಲಿಲ್ಲ. ಕಿಸೆಯ ಮಾತನ್ನೂ ಎತ್ತಲಿಲ್ಲ. ಒಂದು ಸಲ ಬೈದಿದ್ದರೂ ಹಗುರಾಗುತ್ತಿದ್ದೆ.

ಟ್ರಂಕಿನಲ್ಲಿದ್ದದ್ದು ಅದೇ ಅಂಗಿ. ಆ ಕಿಸೆ ಇನ್ನೂ ಒಂದು ಕಡೆ ಜೋತಾಡುತ್ತಿದೆ.

ನವೆಂಬರ್ 21, ಶುಕ್ರವಾರ

ಹೊಸ ಸ್ಯಾಂಪಲ್ ಮೂರೇ ಮೂರು. ಹಿತ್ತಾಳೆ ಕಾಲು ಹಾಕಿಸಿದೆ, ತೂಕ ನಿಜದ್ದೇ ಇರಲಿ ಅಂತ. ಟಕ್ ಅಂತ ಕೂರುತ್ತವೆ, ಹೆಬ್ಬೆರಳು ಒತ್ತಿದರೆ ಬಿಡುತ್ತವೆ. ಮೂರೂ ಸೇರಿ ಸೋಪಿನ ಡಬ್ಬಿಯಷ್ಟು.

ಭಾಲ್ಕಿಗೆ ಹೋದೆ. ದಿಲೀಪ ಅಂತ ಲೈನ್‌ಮನ್, ಮೂವತ್ತೂ ಆಗಿಲ್ಲ. ಎಳೆದು ನೋಡಿದ, ಒತ್ತಿ ನೋಡಿದ.

"ಚಲೋ ಅದರಿ ಮೇಡಂ. ಖರೆ, ಕಿಸ್ಯಾಗ ಇಟ್ಕೊಳ್ಳೂದು ಯಾಕ್ರಿ?"

"ಮತ್ತ ಕಿತ್ತಿದ್ದು ಎಲ್ಲಿ ಇಡ್ತೀರಿ?"

"ಎಲ್ಲಿ ಇಡ್ತೇವ್ರಿ, ಡಬ್ಬಿ ಮ್ಯಾಲೇ ಇಡ್ತೇವಿ. ಎರಡು ಮಿನಿಟಿನ ಕೆಲಸ."

ಸಿಟ್ಟು ನೆತ್ತಿಗೇರಿತು. ನಡುರಸ್ತೆಯಲ್ಲಿ, ಗುರುತು ಪರಿಚಯವಿಲ್ಲದವನಿಗೆ, ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಕೊನೆತನಕ ಕೇಳಿದ. ಆಮೇಲೆ ನಕ್ಕ.

"ನಮ್ಮ ಹೆಂಡ್ತಿ ಕಡಿಯವರು ಒಬ್ಬರು ಹಿಂಗೇ ಬೈತಾರ್ರಿ. ಎಕಂಬಾದಾಗ. ವೈಜಿನಾಥ ಕಾಕಾ ಅಂತ. ಅವರಿಗೆ ತೋರಸ್ರಿ ಇದನ್ನ."

ನಂಬರ್ ಬರೆದುಕೊಟ್ಟ. ಅವನಿಗೇನು ಗೊತ್ತು.

ನವೆಂಬರ್ 22

ಫೋನ್ ಮಾಡಲಿಲ್ಲ.

ನವೆಂಬರ್ 24

ಇವತ್ತೂ ಇಲ್ಲ. ಎರಡು ಬೆರಳಿನ ಕೈಗೆ ಈ ಫ್ಯೂಸು ಬಗ್ಗಿದರೆ ಎಲ್ಲರ ಕೈಗೂ ಬಗ್ಗುತ್ತದೆ, ಗೊತ್ತು. ಆದರೆ ಆ ಕೈ ನೋಡುವ ಧೈರ್ಯ ಎಲ್ಲಿಂದ ತರಲಿ.

ನವೆಂಬರ್ 25

ಸಾಹೇಬರು ಕೇಳಿದರು, "ಮೇಡಂ, ಯಾರಾದರೂ ಹ್ಞೂಂ ಅಂದ್ರೇನ್ರಿ?" ನಾಚಿಕೆಯಾಯಿತು. ಹೊರಗೆ ಹೋಗಿ ನಂಬರ್ ಒತ್ತಿಯೇಬಿಟ್ಟೆ. ಎತ್ತಿದವರು ಕಾಕಾನ ಹೆಂಡತಿ ಪುತಳಾಬಾಯಿ.

"ಫಿಲಿಪ ಲೈನ್‌ಮನ್ ಮಗಳು ಮಾತಾಡ್ತೇನ್ರಿ."

ಫೋನ್ ಹಿಡಿದೇ ಒಳಗೆ ಹೋಗಿ ಕಾಕಾನನ್ನು ಕೇಳಿದರು. ಆಮೇಲೆ — "ನಾಳಿಗೆ ಉಣ್ಣಲಿಕ್ಕೆ ಬಾ ಅಂತಾರ."

ನವೆಂಬರ್ 26, ಬುಧವಾರ, ಸಂಜೆ ಐದೂವರೆ

ಎಕಂಬಾದಿಂದ ಬಂದೆ. ಎಲ್ಲ ಬರೆಯಬೇಕು.

ಅಂಗಳದಲ್ಲಿ ಕುರಿ. ಕಾಕಾ ತಲೆಯೆಲ್ಲ ಬೆಳ್ಳಗಾಗಿದ್ದಾರೆ. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು, ಅಷ್ಟೇ. ಕೈ ಮರೆಮಾಚಲಿಲ್ಲ. ನಾನೇ ಬೇರೆ ಕಡೆ ನೋಡಿದೆ.

ಸೀದಾ ಚೀಲದಿಂದ ಹಲಗೆ ತೆಗೆದಿಟ್ಟೆ, ಡಬ್ಬಿಯಲ್ಲಿರುವಂಥದೇ ಖಾನೆ ಮಾಡಿಸಿದ್ದು, ಅದರಲ್ಲಿ ಮೂರು ಫ್ಯೂಸು. "ಕಾಕಾ, ಇವನ್ನ ಕಿತ್ತು ನೋಡ್ರಿ." ಆ ಕೈಯಿಂದಲೇ ಕಿತ್ತರು. ಹೆಬ್ಬೆರಳು ತಗ್ಗಿನಲ್ಲಿ, ಕಿರುಬೆರಳು ಕೆಳಗೆ. ಒಂದು. ಎರಡು. ಮೂರು. ಒಂದರ ಮೇಲೊಂದು ಇಟ್ಟರು, ಟಕ್, ಟಕ್. ಕೈಯಲ್ಲಿ ತೂಗಿ ನೋಡುತ್ತ ಕೂತರು.

ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಕಿಸೆ, ಹೊಲಿಗೆ, ಅಭ್ಯಾಸ, ಎಲ್ಲ. ಮೂವತ್ತೇಳು ವರ್ಷದ್ದು ಎರಡು ನಿಮಿಷದಲ್ಲಿ ಮುಗಿಯಿತು.

"ಹುಚ್ಚಿ! ಇದನ್ನ ಹೊತ್ಕೊಂಡು ಕುಂತೀಯೇನು ಇಷ್ಟು ವರ್ಷ?"

"ನಾ ಕಿಸಿ ಹೊಲಿದಿದ್ರ..."

"ಕಿಸಿ ಹರದಿತ್ತು ಖರೆ. ಅದಕ್ಕೇ ಅಣ್ಣ ಅವತ್ತ ಮೂರೂ ನನ್ನ ಕೈಯ್ಯಾಗ ಕೊಟ್ರು. ನಿನ್ನ ಪ್ಯಾಂಟಿನ ಕಿಸ್ಯಾಗ ಇಟ್ಕೋ ವೈಜಿನಾಥ ಅಂದ್ರು, ಆಚಿ ಕಂಬದ ಕಡಿ ಹೋದ್ರು. ಇಟ್ಕೊಂಡೆ. ಅರ್ಧ ಹತ್ತೂದ್ರಾಗ ತೊಡಿಗೆ ಚುಚ್ಚಲಿಕ್ಕತ್ತಿದ್ವು. ಇಳದು ಬಂದು ಡಬ್ಬಿ ಮ್ಯಾಲ ಇಟ್ಟೆ. ಇಟ್ಟಾಂವ ನಾನೇ. ಅಣ್ಣ ಅಲ್ಲ, ನೀನೂ ಅಲ್ಲ."

"ಮತ್ತ ಅಪ್ಪ ಯಾಕ ಹಂಗ ಬರಕೊಟ್ರು?"

"ನಾ ಟೆಂಪರರಿ ಇದ್ದೆ ತಂಗಿ. ನನ್ನ ತಪ್ಪು ಅಂದಿದ್ರ ದವಾಖಾನಿಂದ ಮನಿಗಿ ಕಳಿಸಿ ಕೈ ತೊಳಕೋತಿದ್ರು. ನೀ ಬಾಯಿ ಮುಚ್ಚಿಕೊಂಡಿರು ಅಂತ ಅಣ್ಣ ನನಗ ಆಣಿ ಹಾಕಿಸಿದ್ರು. ಆಮ್ಯಾಲ ಅವರ ಮುಂದ ಯಾವ ಮಾರಿ ಇಟ್ಕೊಂಡು ಬರ್ಲಿ? ಮಣ್ಣಿಗೂ ಬರಲಿಲ್ಲ ನಾ..."

ಅವರು ಅತ್ತರು. ನಾನೂ ಅತ್ತೆ, ನಾಚಿಕೆ ಬಿಟ್ಟು. ಅವರು ನಮಗೆ ಅಂಜಿ ಬರಲಿಲ್ಲ, ನಾವು ಅವರಿಗೆ ಅಂಜಿ ಹೋಗಲಿಲ್ಲ. ಇಲ್ಲಿಂದ ಅಲ್ಲಿಗೆ ಒಂದು ಬಸ್ಸಿನ ದಾರಿ. ಅಪ್ಪಾ, ನನಗಾದರೂ ಹೇಳಬಾರದಿತ್ತೇ?

ಪುತಳಾಬಾಯಿ ತಾಟು ತಂದಿಟ್ಟರು. "ರೊಟ್ಟಿ ಆರಿ ಹೋಗ್ಯಾವ. ಅಳೂದು ಉಂಡ ಮ್ಯಾಲ ಅಳ್ರಿ."

ಜೋಳದ ರೊಟ್ಟಿ, ಪುಂಡಿಪಲ್ಯ. ಮೂರು ರೊಟ್ಟಿ ತಿಂದೆ. ಕಾಕಾ ಬಸ್ಸಿನವರೆಗೆ ಬಂದು ಹತ್ತಿಸಿದರು, ಕೈಚೀಲದಲ್ಲಿ ಪೇರಲಹಣ್ಣು ತುರುಕಿದರು. ದಾರಿಯುದ್ದಕ್ಕೂ ಅಪ್ಪನದೇ ನೆನಪು.

ಆರು ಗಂಟೆ

ದೇವರೇ! ಕೈಚೀಲದಲ್ಲಿ ಹಲಗೆ ಇದೆ. ಫ್ಯೂಸು ಇಲ್ಲ. ಮೂರೂ ಇಲ್ಲ. ನಾಳೆ ಹನ್ನೊಂದಕ್ಕೆ ಡೈಯವರು. ಕಾಕಾನ ಬಾಯಿಂದ "ಬೇಕು" ಅಂತ ಒಂದು ಮಾತು ಹೇಳಿಸುವುದನ್ನೂ ಮರೆತು ಬಂದೆ!

ಫೋನ್ ಮಾಡಿದೆ. ಪುತಳಾಬಾಯಿ — "ಕುರಿ ಹಿಂದ ಹೋಗ್ಯಾರ, ಇನ್ನೂ ಬಂದಿಲ್ಲ. ಮನ್ಯಾಗ ಎಲ್ಲೂ ಕಾಣವಲ್ವು ತಂಗಿ." ಬಸ್ಸಿನಲ್ಲಿ ಬಿದ್ದವೋ ಏನೋ.

ನವೆಂಬರ್ 27, ಗುರುವಾರ

ಹನ್ನೊಂದು. ಡೈಯವರು ಬಂದು ಕೂತರು. ಸಾಹೇಬರ ಟೇಬಲ್ ಮೇಲೆ ನುಣ್ಣನೆಯ ಡ್ರಾಯಿಂಗ್ ತಯಾರು, ಸಹಿಗೆ ಪೆನ್ನೂ ತಯಾರು. ನನ್ನ ಹತ್ತಿರ ಬರೀ ಹಲಗೆ.

"ಸ್ಯಾಂಪಲ್ ಎಲ್ಲವರಿ ಮೇಡಂ?"

"ಕಳಕೊಂಡೆ ಸಾಹೇಬ್ರ."

ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಪೆನ್ನಿನ ಕ್ಯಾಪ್ ತೆಗೆದರು.

ಆಗ ಬಾಗಿಲಲ್ಲಿ ಏದುಸಿರು. ವೈಜಿನಾಥ ಕಾಕಾ.

"ತಂಗಿ, ನಿನ್ನ ಕರೆಂಟ ತಗೋ!"

ಅಂಗಿಯ ಕಿಸೆಗೆ ಆ ಎರಡು ಬೆರಳು ಹಾಕಿದರು. ಮೂರೂ ಒಂದೇ ತುಂಡಾಗಿ ಹೊರಬಂದವು.

"ಉಣ್ಣಲಿಕ್ಕೆ ಕೂಡೂ ಮುಂದ ಕಿಸ್ಯಾಗ ಇಟ್ಟೀನಿ, ಹಳೇ ರೂಢಿ. ಅಲ್ಲಿಂದ ಕುರಿ ಹಿಂದ ತಿರಗೀನಿ, ಹಳ್ಳ ದಾಟೀನಿ, ಗಿಡ ಹತ್ತಿ ಕುರಿಗಿ ತಪ್ಪಲಾ ಕಡದೀನಿ. ಇದಾವ ಅಂತ ಖಬರೇ ಇಲ್ರಿ ಸಾಹೇಬ್ರ! ಮನಿಗಿ ಬಂದು ಅಂಗಿ ಬಿಚ್ಚಿದಾಗ ನಮ್ಮ ಹೆಂಡ್ತಿ ನೋಡ್ಯಾಳ. ಫೋನ್ ಹತ್ತಲಿಲ್ಲ, ಮೊದಲನೇ ಬಸ್ಸಿಗೆ ಬಂದೆ, ಕೇಳ್ಕೋತ ಕೇಳ್ಕೋತ ಯುನಿಟ್ ಹುಡುಕೀನಿ."

ಸಾಹೇಬರು ಕಾಕಾನ ಕೈ ನೋಡಿದರು. ಆಮೇಲೆ ಆ ಮೂರನ್ನು ತಮ್ಮ ಕಿಸೆಗೆ ಹಾಕಿಕೊಂಡು ಮಷಿನ್‌ವರೆಗೆ ನಡೆದು ಬಂದರು. ಬಗ್ಗಿದರು. ಕೂತರು. ಎದ್ದರು. ರವಿಕಿರಣ ಬಾಯಿ ಮುಚ್ಚಿಕೊಂಡು ನಗುತ್ತಿದ್ದ.

"ಕಚ್ಚು ಇರಲಿ" ಅಂದರು ಡೈಯವರಿಗೆ. ನನ್ನ ಡ್ರಾಯಿಂಗ್ ಎಳೆದುಕೊಂಡು ಸಹಿ ಹಾಕಿದರು.

ಹೊರಗೆ ಚಹಾ ಕುಡಿಯುತ್ತ ಕಾಕಾ ಅಂದರು — "ಅವತ್ತ ಅಣ್ಣ ನಮ್ಮೂರವು ಒಯ್ದಿದ್ರು, ನಿನ್ನಿ ನಾ ನಿನ್ನವು ಒಯ್ದೆ. ಬರೋಬ್ಬರಿ ಆತು ನೋಡು."

ಅಪ್ಪನ ಸಮಾಧಿಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬರೇ ಸ್ವಲ್ಪ ಹೊತ್ತು ಕೂತರು. ನಾನು ಗೇಟಿನ ಹತ್ತಿರ ನಿಂತೆ.

ನವೆಂಬರ್ 30, ಭಾನುವಾರ, ನಾಲ್ಕೂಕಾಲು

ಐದಕ್ಕೆ ಅಭ್ಯಾಸ. ಎರಡನೇ ಸಾಲು, ಎಡಕ್ಕೆ.

ಟ್ರಂಕಿನಿಂದ ಅಂಗಿ ತೆಗೆದು ತೊಡೆಯ ಮೇಲೆ ಹಾಕಿಕೊಂಡಿದ್ದೇನೆ. ಖಾಕಿ ದಾರ ಸಿಕ್ಕಿತು, ಅಮ್ಮನ ಹಳೇ ಡಬ್ಬಿಯಲ್ಲಿ. ಕನ್ನಡಕ ಹಾಕಿದರೂ ಸೂಜಿಯ ಕಣ್ಣು ಕಾಣದು. ಮೂರನೆಯ ಸಲಕ್ಕೆ ಹೋಯಿತು.

ಕೆಳಗಿನ ಮೂಲೆಗೆ ಎರಡೆರಡು ಹೊಲಿಗೆ ಹಾಕು, ಭಾರ ಬೀಳೂದು ಅಲ್ಲೇ ಅಂತಿದ್ದರು ಅಪ್ಪ. ಅಭ್ಯಾಸಕ್ಕೆ ತಡವಾದರೆ ಆಗಲಿ. ಕಾಯಲಿ ಅವರು. ಇವತ್ತು ಮೊದಲು ಕಿಸೆ —