ಗುಲಾಬಿ ಎಲೆ ಕದ್ದವರು

ಮನೆ, ಅಡುಗೆಮನೆಯ ಮೇಜು
ತಾ. ೧೪, ಭಾನುವಾರ ಮಧ್ಯಾಹ್ನ

ನನ್ನ ಹುಳುರಾಣಿಗೆ,

ಹೇಗಿದ್ದೀಯ? ಕಾಡಿನ ತೇವಕ್ಕೆ ಹಿಡಿದ ಕೆಮ್ಮು ಬಿಟ್ಟಿತಾ? ಜಿಗಣೆ ಕಚ್ಚಿದ ಕಡೆ ಕೆರೆದುಕೊಳ್ಳಬೇಡ, ಗಾಯವಾಗುತ್ತದೆ. ನೊರೆಯಿಂದ ಗೂಡು ಕಟ್ಟುವ ಕಪ್ಪೆಯ ವಿಷಯ ಓದಿ ಖುಷಿಯಾಯಿತು. ಕೊಳೆತ ಮಾಂಸದ ವಾಸನೆಯ ಹೂವಿಗೆ ಮೂಗು ಹಚ್ಚಿ ಮೂಸುವ ಕರ್ಮ ಮಾತ್ರ ನಿನಗೇ ಇರಲಿ. ಎರಡು ಹಾಳೆ ತುಂಬ ಕಪ್ಪೆಯ ಸಂಸಾರ ಬರೆದಿದ್ದೀಯ, ಅಪ್ಪನ ಬಗ್ಗೆ ಒಂದಕ್ಷರ ಇಲ್ಲ. ಹನ್ನೊಂದು ತಿಂಗಳಾಯಿತು ಕಣೇ. ಒಣಕಡ್ಡಿಯ ಹಾಗೇ ಕಾಣುವ ನಿನ್ನ ಕಡ್ಡಿಹುಳ ಗಿರಾಕಿಯ ಗಡಿಯಾರದೊಳಗಿಂದ ನಡೆದುಬಂದರೆ ಯಾವ ರಿಪೇರಿಯವನಿಗೆ ತಾನೆ ಸಿಟ್ಟು ಬರುವುದಿಲ್ಲ? ಹಾಗೆಂದು ‘ಈ ಮನೇಲಿ ಹುಳ ಇರ್ಬೇಕು, ಇಲ್ಲ ನಾನಿರ್ಬೇಕು’ ಎಂದು ಅವರು ಕೂಗಿದ್ದು ತಪ್ಪೇ. ಅದೇ ಸಂಜೆ ಹುಳದ ಪೆಟ್ಟಿಗೆಗಳನ್ನೆಲ್ಲ ಎತ್ತಿಕೊಂಡು, ಅಂಗಡಿ ಬೋರ್ಡಿನ ಕೆಳಗೇ ಹಾದು, ತಿರುಗಿಯೂ ನೋಡದೆ ನೀನು ಹೊರಟದ್ದೂ ತಪ್ಪು. ಅಪ್ಪ ಮಗಳ ಹಟದ ನಡುವೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡವಳು ನಾನು.

ಈಗ ವಿಷಯಕ್ಕೆ ಬರುತ್ತೇನೆ. ಈ ಮನೆಯಲ್ಲಿ ಏನೋ ನಡೆಯುತ್ತಿದೆ. ಆರೇಳು ತಿಂಗಳಿಂದ ಹಿತ್ತಿಲ ಗುಲಾಬಿ ಗಿಡದ ಎಲೆಗಳು ಕಾಣೆಯಾಗುತ್ತಿವೆ. ಹೂವನ್ನು ಯಾರೂ ಮುಟ್ಟುವುದಿಲ್ಲ, ಎಲೆ ಮಾತ್ರ, ಅದೂ ಕತ್ತರಿಯಿಂದ ನೀಟಾಗಿ. ಪಕ್ಕದ ಮನೆ ಟೀಚರಮ್ಮನ ಕಣ್ಣು ಆ ಗಿಡದ ಮೇಲೆ ಮೊದಲಿಂದಲೂ ಇತ್ತಲ್ಲ? ಒಂದು ದಿನ ತಡೆಯಲಾರದೆ ಗೋಡೆಯಾಚೆಗೆ ಕತ್ತು ಚಾಚಿ ‘ನಿಮ್ಮನೇಲಿ ಗುಲಾಬಿ ಎಲೆ ಏನಕ್ಕೆ ಬಳಸ್ತೀರಿ?’ ಎಂದು ಕೇಳಿಯೇ ಬಿಟ್ಟೆ. ಅಂದಿನಿಂದ ಆಕೆ ನನ್ನೊಡನೆ ಮಾತು ಬಿಟ್ಟಿದ್ದಾರೆ. ಮಾತು ಬಿಟ್ಟಿದ್ದೇ ಸಾಕ್ಷಿ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು.

ಆಮೇಲೊಂದು ದಿನ ಊಟಕ್ಕೆ ಕೂತಾಗ ಎಲೆಗಳ್ಳರನ್ನು ಬಯ್ಯುತ್ತಿದ್ದೆ. ನಿನ್ನಪ್ಪ ‘ಗಾಳಿಗೆ ಉದುರಿರುತ್ತೆ ಬಿಡು’ ಎಂದರು. ಅವರನ್ನು ಕೇಳಿದವರು ಯಾರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅಲ್ಲಿಂದ ಅವರ ಮೇಲೊಂದು ಕಣ್ಣಿಟ್ಟೆ. ಅಂಗಡಿಯ ಒಳಕೋಣೆಗೆ ಬೀಗ ಬಿದ್ದಿತ್ತು. ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ನನ್ನ ಸ್ಪ್ರೇ ಬಾಟಲಿ ಮಾಯವಾಗಿತ್ತು. ಬಾಗಿಲಿಗೆ ಕಿವಿ ಹಚ್ಚಿದರೆ ಒಳಗಿಂದ ‘ತಿನ್ನು ತಾಯಿ, ನಿಧಾನಕ್ಕೆ ತಿನ್ನು’ ಎಂಬ ಮಾತು! ಮದುವೆಯಾಗಿ ಮೂವತ್ತು ವರ್ಷವಾಯಿತು, ನನಗೊಮ್ಮೆಯೂ ಹಾಗೆ ಹೇಳಿದವರಲ್ಲ. ಒಳಗಿರುವವಳು ಯಾರಪ್ಪಾ ಎಂದುಕೊಂಡೆ, ಸುಳ್ಳೇಕೆ ಹೇಳಲಿ. ಇನ್ನೊಂದು ವಿಷಯ. ನಿನ್ನ ಪತ್ರಗಳನ್ನು ಬೀರುವಿನಲ್ಲಿ ನಾನು ಮೂರು ಮಡಿಕೆ ಮಾಡಿ ಇಡುವವಳು. ಈಗ ನೋಡಿದರೆ ನಾಲ್ಕು ಮಡಿಕೆ. ಕಪ್ಪೆಯ ಹಾಳೆಯ ಅಂಚಿನಲ್ಲಿ ಹೆಬ್ಬೆರಳಿನ ಗುರುತು, ಮೂಸಿದರೆ ಗಡಿಯಾರದ ಎಣ್ಣೆ.

ನಿನ್ನೆ ಅವರು ಕ್ಷೌರಕ್ಕೆ ಹೋದಾಗ ಕೋಟಿನ ಜೇಬಿಂದ ಬೀಗದ ಕೈ ತೆಗೆದೆ. ಯಾರಿಗೂ ಮಾರದೆ ಇಟ್ಟುಕೊಂಡಿದ್ದಾರಲ್ಲ, ಆಳೆತ್ತರದ ಗಡಿಯಾರ, ಅದರ ಲೋಲಕವನ್ನೇ ಬಿಚ್ಚಿ ಹಾಕಿದ್ದಾರೆ. ಆ ಜಾಗದಲ್ಲಿ ಇಂಕಿನ ಸೀಸೆಯ ನೀರಿನಲ್ಲಿ ನನ್ನ ಗುಲಾಬಿಯ ಕೊಂಬೆಗಳು. ಹುಳ ನೀರಿಗೆ ಬೀಳದಿರಲೆಂದು ಸೀಸೆಯ ಬಾಯಿಗೆ ಹತ್ತಿ ತುರುಕಿದ್ದಾರೆ. ಗಾಜಿಗೆ ಮುಖವಿಟ್ಟು ನೋಡುತ್ತಿದ್ದಂತೆ ಒಂದು ಕಡ್ಡಿ ಕಾಲೆತ್ತಿತು, ಪಕ್ಕದ್ದೂ ಎತ್ತಿತು. ಎಣಿಸಿದೆ, ಇಪ್ಪತ್ಮೂರು! ಎಲ್ಲಿಂದ ಬಂದವೆಂದು ಹುಡುಕಿದಾಗ ಅವರ ಸ್ಕ್ರೂ ಡಬ್ಬಿಯಲ್ಲಿ ಮುಚ್ಚಳ ಹಾರಿದ ಪುಟ್ಟ ಮೊಟ್ಟೆಗಳ ಓಡು ಸಿಕ್ಕಿತು. ನೀನು ಹೋದ ಮರುದಿನ ನಿನ್ನ ಕೋಣೆ ಗುಡಿಸಿದವರು ಅವರೇ. ಸಾಸಿವೆಯಷ್ಟು ಚಿಕ್ಕದನ್ನೂ ಎಸೆಯದೆ ಡಬ್ಬಿಗೆ ಹಾಕುವುದು ಅವರ ಹುಟ್ಟುಗುಣ. ಯಾವುದೋ ಬೀಜವೆಂದುಕೊಂಡು ಎತ್ತಿಟ್ಟಿರಬೇಕು. ನಿನ್ನದೆಂದು ಎಸೆಯಲು ಮನಸ್ಸು ಬಾರದೆಯೂ ಇರಬಹುದು. ಅಲ್ಲೇ ನಿಂತು ಅತ್ತೆ, ಆಮೇಲೆ ಬೀಗ ಹಾಕಿ ಬಂದೆ. ಅವರಿಗೆ ಏನೂ ಹೇಳಿಲ್ಲ.

ನಿನ್ನ ಮೇಲೂ ನನಗೆ ಗುಮಾನಿ ಇದೆ. ಒಂದೊಂದು ಎಲೆಗೂ ಲೆಕ್ಕವಿಡುವವಳು ಮೊಟ್ಟೆಗಳನ್ನು ಮರೆತು ಹೋದೆಯೋ, ಬೇಕೆಂದೇ ಬಿಟ್ಟು ಹೋದೆಯೋ? ನಿಜ ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು, ನೋಡಿದ ಪ್ರತಿ ಹೂವನ್ನೂ ಮೂಸಬೇಡ. ನೂರು ಕಾಲ ಚೆನ್ನಾಗಿರು. ನಾನಿನ್ನು ಟೀಚರಮ್ಮನ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕು.

ಇಂತಿ,
ಯಾರನ್ನೂ ಸುಲಭಕ್ಕೆ ನಂಬದ
ನಿನ್ನ ಅಮ್ಮ

ಮರೆತಿದ್ದೆ: ರಿಪೇರಿಗೆ ಬಂದ ಪ್ರತಿ ಗಡಿಯಾರಕ್ಕೂ ಅಪ್ಪ ಚೀಟಿ ಕಟ್ಟುತ್ತಾರಲ್ಲ, ಆ ದೊಡ್ಡ ಗಡಿಯಾರಕ್ಕೂ ಕಟ್ಟಿದ್ದಾರೆ. ‘ವಾರಸುದಾರರು: ಮಗಳು. ದೋಷ: ಚಿಕ್ಕದೊಂದರ ಕಾಲು ಮುರಿದಿದೆ, ಮತ್ತೆ ಬೆಳೆಯುತ್ತಿದೆ. ಒಯ್ಯುವ ದಿನ:’ ಎಂದು ಬರೆದು ಖಾಲಿ ಬಿಟ್ಟಿದ್ದಾರೆ. ಇವತ್ತು ಬೆಳಿಗ್ಗೆ ನೋಡಿದರೆ ಸ್ಟೂಲು ಹತ್ತಿ, ‘ಒಂದು ವರ್ಷದೊಳಗೆ ಒಯ್ಯದ ವಸ್ತುಗಳಿಗೆ ನಾವು ಹೊಣೆಯಲ್ಲ’ ಎಂಬ ಅಂಗಡಿ ಬೋರ್ಡಿನ ಸಾಲನ್ನು ಬ್ಲೇಡಿನಿಂದ ಕೆರೆಯುತ್ತಿದ್ದರು. ಯಾಕೆಂದು ಕೇಳಿದರೆ ‘ಅಕ್ಷರ ಮಾಸಿತ್ತು’ ಎಂದರು. ಮಾಸಿರಲಿಲ್ಲ. ಬರುವ ತಿಂಗಳು ಹನ್ನೆರಡಕ್ಕೆ ನೀನು ಹೋಗಿ ವರ್ಷ ತುಂಬುತ್ತದೆ.