ಮೊದಲ ಮುದ್ರಣದ ನೀಲಮ್ಮ

ಹೊನ್ನಾಳಿ, ೪-೧-೧೯೪೩

ಶಾಲೆ ಮುಗಿಸಿ ಬಂದೆ. ಶಂಕರಮ್ಮನಿಗೆ ಗಂಜಿ ಕುಡಿಸಿದೆ. ಕೆಮ್ಮು ಹಾಗೇ ಇದೆ. ತಾನು ಬರೆದ ಕಾದಂಬರಿಯ ಕೊನೇ ಅಧ್ಯಾಯ 'ಓದ್ರಿ' ಅಂದಳು. ಮನೆಯಲ್ಲಿ ಉಳಿದಿರುವುದು ಎರಡನೇ ಮುದ್ರಣ. ಅದರಲ್ಲಿ ಪ್ರಕಾಶಕರು ಅವಳನ್ನು ಕೇಳದೆ ಕೊನೆ ತಿದ್ದಿದ್ದಾರೆ — ಹೊಡೆಯುವ ಗಂಡನ ಮನೆ ಬಿಟ್ಟುಹೋದ ನೀಲಮ್ಮ ವಾಪಸು ಬಂದು ಅವನ ಕಾಲು ಹಿಡಿಯುತ್ತಾಳೆ. ಅರ್ಧ ಓದುವಷ್ಟರಲ್ಲಿ —

"ಸಾಕು ನಿಲ್ಸ್ರಿ. ಆಕೆ ನನ್ನ ನೀಲಮ್ಮ ಅಲ್ಲ. ನಾನು ಬರೆದಿದ್ದನ್ನ ಒಂದ್ಸಲ ಕೇಳಬೇಕು."

ಹಸ್ತಪ್ರತಿ ಪ್ರೆಸ್ಸಿನಲ್ಲೇ ಕಳೆದುಹೋಯಿತು. ಮೊದಲ ಮುದ್ರಣದ ನಮ್ಮ ಪ್ರತಿಗಳನ್ನು ಓದಿ ಕೊಡುತ್ತೇವೆಂದು ಯಾರ್ಯಾರೋ ಒಯ್ದರು...

೧೭-೧, ಭಾನುವಾರ

ಚನ್ನಗಿರಿಗೆ ಹೋಗಿದ್ದೆ. ವಾಚನಾಲಯದಲ್ಲಿ ಒಂದು ಪ್ರತಿ ಸಿಕ್ಕಿತು. ನೀಲಿ ರಟ್ಟು. ಒಳಗೆ ೧೯೩೬. ಆದರೆ ಎರಡನೇ ಸಲವೂ ಇಸವಿ ಬದಲಿಸದೆ ಅಚ್ಚು ಹಾಕಿದ್ದಾರೆ, ಅದನ್ನು ನಂಬುವಂತಿಲ್ಲ. ಮೊದಲನೆಯದರಲ್ಲಿ ಕಥೆ ಶುರುವಾಗುವ ಸಾಲಿನಲ್ಲೇ 'ನಿಲಮ್ಮ' ಎಂದು ತಪ್ಪು ಬಿದ್ದಿತ್ತು. ಪುಸ್ತಕ ಕೈಗೆ ಬಂದ ದಿನ ಅದಕ್ಕೆ ಶಂಕರಮ್ಮ ಅತ್ತಿದ್ದಳು. ತೆರೆದು ನೋಡಿದೆ. 'ನೀಲಮ್ಮ'.

ಅಕ್ಷರ ಸರಿಯಿದ್ದದ್ದಕ್ಕೆ ಇಷ್ಟು ಸಂಕಟ ಎಂದೂ ಆಗಿರಲಿಲ್ಲ.

ವಾಚನಾಲಯ ನೋಡಿಕೊಳ್ಳುವ ಗೋಣೆಪ್ಪ ಅಂದ, "ಜಗಳೂರಲ್ಲಿ ನರ್ಸ್ ಗಾದ್ರಮ್ಮ ಅಂತ ಅದಾರೆ ಮೇಷ್ಟ್ರೆ. ಅವರ ಹತ್ರ ಒಂದು ಹಳೇದು ಐತೆ. ಯಾರ ಕೈಗೂ ಕೊಡಲ್ಲ."

೭-೨, ಜಗಳೂರು

ಯುದ್ಧದಿಂದ ಪೆಟ್ರೋಲಿಲ್ಲ; ಇದ್ದಿಲಲ್ಲಿ ಓಡುವ ಬಸ್ಸು, ದಾರಿಯುದ್ದಕ್ಕೂ ಕೆಟ್ಟು ಕೆಟ್ಟು ನಿಂತಿತು. ಗಾದ್ರಮ್ಮ ಮೂವತ್ತು ದಾಟಿದವರು, ಮಾತು ಕಡಿಮೆ. ಪುಸ್ತಕ ತಂದು ಕೊಟ್ಟರು. ನಿಂತೇ ತೆರೆದೆ. 'ನಿಲಮ್ಮ'! ಕೊನೇ ಪುಟಕ್ಕೆ ಹೋದೆ. ನೀಲಮ್ಮ ಯಾರ ಕಾಲೂ ಹಿಡಿಯುವುದಿಲ್ಲ.

"ಒಯ್ದು ತಂದುಕೊಡಲೇ?"

"ಇಲ್ರಿ. ಇದನ್ನ ಓದಿದ ಮೇಲೇ ನಾನು ಗಂಡನ ಮನೆ ಬಿಟ್ಟಿದ್ದು." ಕೈ ಚಾಚಿ ವಾಪಸು ತಗೊಂಡರು. ಆಮೇಲೆ, "ಬರೆದ ಅಮ್ಮಾರು ಇನ್ನೂ ಇದಾರೇನ್ರಿ?"

"ನನ್ನ ಹೆಂಡತಿ. ಇದ್ದಾಳೆ... ಬಹಳ ದಿನ ಇಲ್ಲ."

"ಹಂಗಾದ್ರೆ ಓದಾಕೆ ನಾನೇ ಬರ್ತೀನಿ."

೧೪-೨

ಬಂದರು. ಹಾಸಿಗೆ ಪಕ್ಕ ಕೂತು ಓದಿದರು. ಶಂಕರಮ್ಮ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಗಾದ್ರಮ್ಮನವರ ಕೈ ಹಿಡಿದು —

"ಅಲ್ಲಿಂದ ಮುಂದೆ ಆಕೆ ಎಲ್ಲಿಗೆ ಹೋದ್ಲು ಅಂತ ನನಗೆ ಗೊತ್ತಿರಲಿಲ್ಲ ತಂಗಿ. ಅದಕ್ಕೇ ಬರೆಯಾಕೆ ಆಗಲಿಲ್ಲ. ನೀನೆಲ್ಲಿಗೆ ಹೋದೆ? ಹೇಳು."

ಗಾದ್ರಮ್ಮ ಹೇಳತೊಡಗಿದರು. ನಾನು ಹೊರಗೆ ಬಂದು ಜಗಲಿ ಮೇಲೆ ಕೂತೆ. ಬಹಳ ಹೊತ್ತು ಇಬ್ಬರ ದನಿ. ಒಮ್ಮೆ ಶಂಕರಮ್ಮ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ.

೨೮-೩

ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಪೆನ್ನು ಹಿಡಿದದ್ದು ಇವತ್ತೇ. ಗಾದ್ರಮ್ಮ ಬಂದಿದ್ದಾರೆ. ಪುಸ್ತಕ ಎದುರಿಗಿಟ್ಟು, "ಇಳಿಸ್ಕೊಳ್ರಿ ಮೇಷ್ಟ್ರೆ, ಸಂಜೆವರೆಗೂ ಇರ್ತೀನಿ" ಅಂದರು. ಕೊನೇ ಅಧ್ಯಾಯ ಇಲ್ಲೇ ಬರೆದುಕೊಳ್ಳುತ್ತೇನೆ.

'ಆಗಲೇ ಬೆಳಕು ಹರಿದಿತ್ತು. ನೀಲಮ್ಮ ಸೆರಗು ಬಿಗಿದು ಹೊಸಿಲು ದಾಟಿದಳು. ಅಂಗಳದ ಬೇವಿನ ಕೆಳಗೆ ಒಂದು ಗಳಿಗೆ ನಿಂತು —'

ಶಂಕರಮ್ಮನ ದನಿಯಲ್ಲೇ ಕೇಳುತ್ತಿದೆ. ಗಾದ್ರಮ್ಮನವರಿಗೇ ಓದಲು ಹೇಳಬೇಕು. ನನಗೆ ಅಕ್ಷರ ಕಾಣುತ್ತಿಲ್ಲ.