ಉಪ್ಪು ನೋಡುವವಳು

ಬುಧವಾರ, ಮಧ್ಯಾಹ್ನ

ನನ್ನ ಬಂಗಾರದ ಮಗಳಿಗೆ,

ಅಮ್ಮನ ಕಡೆಯಿಂದ ಒಂದು ಹಿಡಿ ಪ್ರೀತಿ, ಒಂದು ಚಿಟಿಕೆ ಕೋಪ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಕಾಗದಕ್ಕಾದರೆ ಅಡ್ಡಬಾಯಿ ಹಾಕಲಾಗುವುದಿಲ್ಲವಲ್ಲ, ಓದು.

ನಿನ್ನ ನರ್ಸ್ ತರಬೇತಿ ಮುಗಿಯುವವರೆಗೆ ಮಗಳು ಚೂಟಿಯನ್ನು ಅವಳ ಚಿಕ್ಕಮ್ಮನ ಮನೆಯಲ್ಲಿ ಬಿಡುತ್ತೇನೆ ಎಂದೆ ನೀನು. ಆರು ವರ್ಷಕ್ಕೇ ಇಷ್ಟು ತುಂಟತನ, ಈ ವಯಸ್ಸಿನಲ್ಲಿ ನಿನಗೆ ಇವಳ ಕಾಟ ಯಾಕಮ್ಮ ಎಂದೆ. ಭಾನುವಾರ ಬರುತ್ತೇನೆ, ಅವಳ ಬಟ್ಟೆ ಕಟ್ಟಿಡು ಎಂದೆ. ಕಟ್ಟಿಟ್ಟಿಲ್ಲ. ಯಾಕೆಂದು ಹೇಳುತ್ತೇನೆ.

ಹೋದ ಸಲ ನೀನು ಬಂದಾಗ ಆಲೂಗಡ್ಡೆ ರೊಟ್ಟಿ ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ನೀನು ತುತ್ತು ಉಗುಳಿ ನನ್ನ ಮುಖ ನೋಡಿದೆ. ನಾನು ಬಾಯಿ ತೆರೆಯುವ ಮೊದಲೇ ಚೂಟಿ, "ನಾನೇ ಅಮ್ಮ, ಅಜ್ಜಿ ಆಕಡೆ ತಿರುಗಿದಾಗ ಇನ್ನೊಂದ್ಸಲ ಹಾಕ್ಬಿಟ್ಟೆ" ಎಂದಳು. ನೀನು ಬೈದೆ. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಆ ಉಪ್ಪು ಹಾಕಿದ್ದು ನಾನು ಕಣೇ. ಎರಡು ಸಲವೂ ನಾನೇ.

ನನ್ನ ಅಡುಗೆಯ ಜಂಬ ನಿನಗೆ ಗೊತ್ತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಷ್ಟು ವರ್ಷ ಬೇಯಿಸಿದರೂ ಒಂದು ದಿನ ಸೌಟನ್ನು ನಾಲಿಗೆಗೆ ತಾಗಿಸಿದವಳಲ್ಲ. ಹಬೆಗೆ ಮೂಗೊಡ್ಡಿದರೆ ಸಾಕು, ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯುತ್ತಿತ್ತು. ರುಚಿ ನೋಡುವ ಹುಡುಗಿಯರನ್ನು ಅಡುಗೆ ಮಾಡೋಕೆ ಬಂದ್ರಾ, ಊಟ ಮಾಡೋಕೆ ಬಂದ್ರಾ ಎಂದು ಗೇಲಿ ಮಾಡುತ್ತಿದ್ದೆ. ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ನನ್ನ ಮೂಗಿನ ಬುದ್ಧಿಯನ್ನೂ ಕಟ್ಟಿಕೊಂಡು ಹೋಯಿತು. ಸೋಪು, ಹಾಲು, ಮಗುವಿನ ತಲೆಗೂದಲು, ಯಾವುದಕ್ಕೂ ವಾಸನೆಯಿಲ್ಲ. ನಾಲಿಗೆಯೂ ಮರದ ತುಂಡು. ಯಾರಿಗೂ ಹೇಳಲಿಲ್ಲ. ಹೇಳಿದರೆ ನೀನು ಮಗುವನ್ನು ಕರೆದುಕೊಂಡು ಹೋಗುತ್ತೀಯೆಂಬ ಹೆದರಿಕೆ. ಹೇಳದೆ ಇದ್ದುದಕ್ಕೇ ಈಗ ಕರೆದುಕೊಂಡು ಹೊರಟಿದ್ದೀಯ.

ಅವತ್ತು ನೀನು ಬಸ್ಸು ಹತ್ತಿದ ಮೇಲೆ ಅವಳನ್ನು ಕೂರಿಸಿಕೊಂಡು, ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ. ಸ್ಟೂಲಿನ ಮೇಲೆ ಕಾಲಾಡಿಸುತ್ತ, "ನಿಂಗೆ ವಾಸನೆ ಬರಲ್ಲ ಅಂತ ನಂಗೊತ್ತು ಅಜ್ಜಿ. ಹಾಲು ಸೀದು ಹೋದಾಗ ನೀನು ಅಲ್ಲೇ ನಿಂತ್ಕೊಂಡು ಹಾಡು ಹೇಳ್ತಿದ್ದೆ" ಎಂದಳು. ಮಕ್ಕಳ ಎದುರು ಅಳಬಾರದು ಅನ್ನುತ್ತಾರೆ. ಅತ್ತುಬಿಟ್ಟೆ.

ಮಾರನೆಯ ದಿನದಿಂದ ಅವಳಿಗೆ ಕೆಲಸ ಕೊಟ್ಟಿದ್ದೇನೆ. ನಾನು ಆಲೂಗಡ್ಡೆ ಬೇಯಿಸಿ ಆರಿಸಿ ಕೊಡುತ್ತೇನೆ, ಅವಳು ಸಿಪ್ಪೆ ಸುಲಿದು ಕಿವುಚುತ್ತಾಳೆ. ಗಂಟು ಉಳಿಯಿತಲ್ಲೇ ಎಂದರೆ, ಅದು ಬೇಕಂತಲೇ ಬಿಟ್ಟದ್ದು ಎನ್ನುತ್ತಾಳೆ. ಥೇಟ್ ನಿನ್ನದೇ ನಾಲಿಗೆ. ಉಪ್ಪು ಹಾಕುವುದು ನಾನು, ನೋಡುವುದು ಅವಳು. ಬಟಾಣಿಯಷ್ಟು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ದೊಡ್ಡ ಜಡ್ಜಿನ ಹಾಗೆ ನಿಲ್ಲುತ್ತಾಳೆ. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬಾರದು ಎಂದು ನಾನೇ ಕಲಿಸಿದ್ದಲ್ಲವೇ, ಅದಕ್ಕೆ ತೀರ್ಪೆಲ್ಲ ಸನ್ನೆಯಲ್ಲಿ. ಕಿವಿ ಎಳೆದುಕೊಂಡರೆ ಇನ್ನೂ ಬೇಕು, ಮೂಗು ಮುಟ್ಟಿಕೊಂಡರೆ ಸರಿಯಾಗಿದೆ. ಆಮೇಲೆ ಹಿಟ್ಟು ಕಲಸಿ ಇಬ್ಬರೂ ತಟ್ಟುತ್ತೇವೆ. ನನ್ನದು ರೊಟ್ಟಿ, ಅವಳದು ಆಮೆ, ಮೋಡ, ನಿನ್ನ ಚಪ್ಪಲಿ. ಒಲೆಯ ಹತ್ತಿರ ಮಾತ್ರ ಬಿಡುವುದಿಲ್ಲ. ಬಾಗಿಲಲ್ಲಿ ಕೂತು ಸೀಯುತ್ತಿದೆ, ತಿರುವಿ ಹಾಕು ಎಂದು ಹುಕುಂ ಮಾಡುತ್ತಾಳೆ.

ನೀನು ಮೊದಲು ಗ್ಯಾಸಿನ ಮಾತೆತ್ತುತ್ತೀಯೆಂದು ಗೊತ್ತು. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದನ್ನು ಗೋಡೆಗೆ ಹಾಕಿಕೊಟ್ಟಿದ್ದಾನೆ. ಮೂಗಿನ ಡಾಕ್ಟರನ್ನೂ ಕಂಡು ಬಂದೆ. ವಾಪಸು ಬರಬಹುದು, ಬಾರದೆಯೂ ಇರಬಹುದು, ದಿನಾ ಒಂದಿಷ್ಟು ವಾಸನೆ ನೋಡುತ್ತಿರಿ ಎಂದರು. ಬೆಳಗ್ಗೆ ಎದ್ದರೆ ಚೂಟಿ ನನ್ನ ಕಣ್ಣು ಮುಚ್ಚಿ ನಿಂಬೆ ಸಿಪ್ಪೆ, ಲವಂಗ ಹಿಡಿದು ಪರೀಕ್ಷೆ ಮಾಡುತ್ತಾಳೆ. ಇಲ್ಲಿಯವರೆಗೆ ನಾನು ದಿನಾ ಫೇಲು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ಅವಳಿಗೆ ತಾಯಿ ನೀನು, ಎಲ್ಲಿರಬೇಕೆಂದು ಹೇಳುವವಳೂ ನೀನೇ. ಆದರೆ ಮಾಡದ ತಪ್ಪಿಗೆ ಅವಳು ಈ ಮನೆ ಬಿಡಬಾರದು. ಅವಳಿಲ್ಲದೆ ನನಗೆ ಕಷ್ಟ, ಅದನ್ನೂ ಹೇಳಿಬಿಡುತ್ತೇನೆ. ಭಾನುವಾರ ಬಾ, ನಮ್ಮಿಬ್ಬರ ಕೈಯ ರೊಟ್ಟಿ ತಿನ್ನು, ಆಮೇಲೆ ತೀರ್ಮಾನ ಮಾಡು. ಬಂದವಳೇ ಮೊದಲು ಅವಳ ಕೆನ್ನೆ ಹಿಡಿದು, ಬೈದದ್ದನ್ನು ವಾಪಸು ತೆಗೆದುಕೋ.

ಇಂತಿ,
ಕೈಗೆಲ್ಲ ಹಿಟ್ಟು ಮೆತ್ತಿಕೊಂಡಿರುವ
ನಿನ್ನ ಅಮ್ಮ

ತಾ.ಕ.: ಸಹಿ ಹಾಕಿದವಳೇ ಎದ್ದು ಅಡುಗೆಮನೆಗೆ ಓಡಿದೆ. ಕೊನೆಯ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಮರೆತು ಕಾಗದ ಬರೆಯಲು ಕೂತಿದ್ದೆ, ಒಂದು ಮಗ್ಗುಲು ಪೂರ್ತಿ ಇದ್ದಿಲು. ಮರೆತದ್ದಕ್ಕೆ ಬೈಯುತ್ತೀಯ, ಬೈಯಿ. ಆದರೆ ಚೂಟಿ ಕೂಗಿರಲಿಲ್ಲ, ಅವಳು ಹೊರಗೆ ಮೆಟ್ಟಿಲ ಮೇಲೆ ಆಡುತ್ತಿದ್ದಳು. ನಾನು ಯಾಕೆ ಓಡಿದೆ ಎಂದು ಒಲೆ ಆರಿಸಿದ ಮೇಲೆ ಹೊಳೆಯಿತು. ಸೀದ ವಾಸನೆ ಮೂಗಿಗೆ ಬಡಿದಿತ್ತು. ಆ ಕರಿ ರೊಟ್ಟಿಯನ್ನೇ ಮೂಗಿಗೆ ಹಿಡಿದುಕೊಂಡು ನಿಂತಿದ್ದೆ. ಚೂಟಿ ಒಳಗೆ ಬಂದು ವಿಷಯ ಕೇಳಿ ಕುಣಿದಳು. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ಹಾಗಾದ್ರೆ ನನ್ನ ಕೆಲಸ ಹೋಯ್ತಾ ಅಜ್ಜಿ?" ಎಂದು ಕೇಳಿದಳು. ನನ್ನ ಮೂಗು ಪೂರ್ತಿ ವಾಪಸು ಬಂದರೂ ಈ ಮನೆಯಲ್ಲಿ ಉಪ್ಪು ನೋಡುವವಳು ನೀನೇ ಎಂದೆ. ಅವಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಯೋಚಿಸಿ, ಮೂಗು ಮುಟ್ಟಿಕೊಂಡಳು.